ಹದ್ದಿ ದಾಟಿದ ಹೆಜ್ಜೆ

ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಎತ್ತಿನ ಬಂಡಿ ಹೂಡಿಕೊಂಡು ಹೊರಟರೆ ಒಂದು ಹೊತ್ತಿನ ದಾರಿ. 1948ರ ಮಾರ್ಚ್‌ಗಿಂತ ಮೊದಲು ಅಷ್ಟರಲ್ಲೇ ಒಂದು ಸಂಸ್ಥಾನ ಮುಗಿದು ಇನ್ನೊಂದು ಶುರುವಾಗುತ್ತಿತ್ತು. ಶಿರಹಟ್ಟಿ ಸಾಂಗಲಿಯ ಪಟವರ್ಧನರದು, ಲಕ್ಷ್ಮೇಶ್ವರ ಮಿರಜದ ಪಟವರ್ಧನರದು. ಗದಗ, ಬೆಟಗೇರಿ, ಮುಂಡರಗಿ ಇಂಗ್ಲಿಷರ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಮುಂಡರಗಿಯಿಂದ ಮೂಡಲಿಗೆ ಸರಿದರೆ ಕೊಪ್ಪಳ, ನಿಜಾಮನ ಸೀಮೆ. ತೆಂಕಲಿಗೆ ತುಂಗಭದ್ರೆ ದಾಟಿದರೆ ಹೂವಿನಹಡಗಲಿ, ಮದ್ರಾಸ್ ಇಲಾಖೆ. ಒಂದು ಜೋಡಿ ಎತ್ತು ಹೊಡೆದುಕೊಂಡು ಹೋದವನು ಗಟ್ಟಿ ಆಳಾಗಿದ್ದರೆ ಬೆಳಗಾಗುವುದರೊಳಗೆ ಎರಡು ಸರ್ಕಾರಗಳ ಕೈ ತಪ್ಪಿಸಿಕೊಂಡಿರುತ್ತಿದ್ದ.

ನಾನು ಪೊಲೀಸ್ ಇಲಾಖೆಯಲ್ಲಿ ರೈಟರ್ ಕೆಲಸ ಮಾಡಿ ನಿವೃತ್ತನಾದವನು. ಫೌಜದಾರರು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು, ನಾವು ಮಾತ್ರ ಅದೇ ಮೇಜಿಗೆ ಅಂಟಿಕೊಂಡಿರುತ್ತಿದ್ದೆವು. ಈ ಸೀಮೆಯ ಬೇರೆ ಬೇರೆ ಠಾಣೆಗಳಲ್ಲಿ ಕೂತು ಬರೆದ ಫಿರ್ಯಾದುಗಳಲ್ಲಿ "ಠಾಣಾ ಹದ್ದಿ ಪೈಕಿ" ಎಂಬ ಮಾತಿಲ್ಲದ ಒಂದು ಹಾಳೆಯೂ ಇರಲಿಕ್ಕಿಲ್ಲ. ಜಿಲ್ಲೆಯಲ್ಲಿ ಅಪರಾಧ ಏರಿತು, ಇಳಿಯಿತು ಎಂದು ಪತ್ರಿಕೆಯಲ್ಲಿ ಓದಿದಾಗ ಕಳ್ಳರಿಗಿಂತ ಮೊದಲು ನನಗೆ ಆ ಹದ್ದಿಯೇ ನೆನಪಾಗುತ್ತದೆ. ನಮ್ಮ ಭಾಗದಲ್ಲಿ ಕಳವಿನ ಲೆಕ್ಕದೊಳಗೆ ಗಡಿಯ ಲೆಕ್ಕ ಯಾವತ್ತೂ ಸೇರಿಕೊಂಡೇ ಬಂದಿದೆ. ದಫ್ತರಿನಲ್ಲಿ ಯಾರ ಹೆಸರು ಮೊದಲೇ ಬರೆದಿಟ್ಟಿದೆ ಎಂಬ ಲೆಕ್ಕವೂ ಸೇರಿದೆ.

ನನ್ನ ಅಜ್ಜ ವಾಲೀಕಾರ. ಗದಗ ತಾಲೂಕಿನ ತೆಂಕಣ ಅಂಚಿನ ಹಳ್ಳಿ ನಮ್ಮದು, ಊರ ಹೊಲಗಳ ಆಚೆಗೆ ಸಾಂಗಲಿಯವರ ಶಿರಹಟ್ಟಿ ತಾಲೂಕು. 1867ರಲ್ಲಿ ಮುಂಬಯಿ ಸರ್ಕಾರ ಎರಡು ಕಾಯ್ದೆಗಳನ್ನು ಒಂದರ ಬೆನ್ನಿಗೊಂದು ತಂದಿತು. ಒಂದು ಜಿಲ್ಲಾ ಪೊಲೀಸರಿಗೆ, ಇನ್ನೊಂದು ಹಳ್ಳಿ ಪೊಲೀಸರಿಗೆ. ಎರಡನೆಯದರ ಪ್ರಕಾರ ಊರ ಗೌಡನೇ ಪೊಲೀಸ್ ಪಾಟೀಲ. ಸಣ್ಣ ಬೈದಾಟ, ಹೊಡೆದಾಟ ಮಾಡಿದವನನ್ನು ಚಾವಡಿಯಲ್ಲಿ 24 ತಾಸು ಕೂಡಿಹಾಕುವ ಅಧಿಕಾರವೂ ಅವನಿಗಿತ್ತು. ಅವನ ಕೈಕೆಳಗೆ ವಾಲೀಕಾರ, ತಳವಾರ, ಶೇತಸನದಿ. ಇವರ್ಯಾರಿಗೂ ತಿಂಗಳ ಪಗಾರವೆಂಬುದಿಲ್ಲ. ಇನಾಮಿನ ತುಂಡು ಹೊಲ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತರುವ ಆಯ, ಹಬ್ಬಕ್ಕೊಂದು ಹಚ್ಚಡ. ಅಜ್ಜನ ಪೊಲೀಸ್ ಸಾಮಾನು ಅಂದರೆ ಒಂದು ಕೋಲು, ಒಂದು ಕಂದೀಲು, ಒಂದು ಕಂಬಳಿ.

ಮತ್ತೊಂದಿತ್ತು, ಅದು ಕಣ್ಣು. ದನ ಕಳುವಾದ ಬೆಳಿಗ್ಗೆ ಅವನು ಮೊದಲು ಮಾಡುತ್ತಿದ್ದ ಕೆಲಸ ಕೊಟ್ಟಿಗೆಯ ಮುಂದಿನ ಒಳ್ಳೆಯ ಹೆಜ್ಜೆಗಳ ಮೇಲೆ ಬುಟ್ಟಿ ಕವುಚಿ ಹಾಕುವುದು. ಪಂಚರು ಬಂದು ನೋಡುವ ತನಕ ಮಂದಿಯ ಕಾಲಿಗೆ ಸಿಕ್ಕು ಅಳಿಸಬಾರದು, ಗಾಳಿಗೆ ಮಣ್ಣು ತುಂಬಬಾರದು. ಆಮೇಲೆ ಒಂದು ಜೋಳದ ದಂಟು ಮುರಿದು ಗೊರಸಿನ ಅಳತೆ ತೆಗೆದು, ಅಳತೆಗೆ ಸರಿಯಾಗಿ ಉಗುರಿನಿಂದ ಗೀರು ಹಾಕುತ್ತಿದ್ದ. ಎತ್ತಿನ ಲಾಳ ಯಾವ ಬದಿಗೆ ಸವೆದಿದೆ, ಎಡಗಾಲು ಎಳೆಯುತ್ತದೋ, ಹೊಡೆದುಕೊಂಡು ಹೋದವನು ಕೆರ ಮೆಟ್ಟಿದ್ದನೋ ಬರಿಗಾಲಲ್ಲಿದ್ದನೋ, ಎಲ್ಲವನ್ನೂ ಎರೆಮಣ್ಣು ಹೇಳುತ್ತದೆ ಎನ್ನುತ್ತಿದ್ದ. ಮಸಾರಿ ಭೂಮಿಯಲ್ಲಿ, ಕಪ್ಪತಗುಡ್ಡದ ಕಲ್ಲಿನ ಮಗ್ಗಲಲ್ಲಿ ಹೆಜ್ಜೆ ನಿಲ್ಲುವುದಿಲ್ಲ. ಕಳ್ಳರಿಗೂ ಅದು ಗೊತ್ತಿತ್ತು.

ಹೆಜ್ಜೆ ಹಿಡಿಯುವುದಕ್ಕೆ ಹಳೆಯ ಕಟ್ಟಳೆಯೊಂದಿತ್ತು, ಕಂಪನಿ ಸರ್ಕಾರ ಬರುವುದಕ್ಕಿಂತಲೂ ಹಳೆಯದು. ಕಳವಿನ ಜಾಡು ಒಂದು ಊರಿನ ಹದ್ದಿಗೆ ಬಂದು ಮುಟ್ಟಿದರೆ ಆ ಊರಿನವರು ಅದು ತಮ್ಮ ಹೊಲಗಳಿಂದ ಹೊರಗೆ ಹೋಗಿರುವುದನ್ನು ತೋರಿಸಿಕೊಡಬೇಕು. ತೋರಿಸಲಾಗದಿದ್ದರೆ ಕಳವಿನ ಭಾರ ಆ ಊರಿನದು, ಹೋದ ಮಾಲು ತುಂಬಿಕೊಡುವವರೂ ಅವರೇ. ಹೀಗಾಗಿ ಗಡಿಕಲ್ಲಿನ ಹತ್ತಿರ ಎರಡು ಊರಿನ ವಾಲೀಕಾರರು ನಿಂತು ಹೆಜ್ಜೆ ಕೊಟ್ಟು ತೆಗೆದುಕೊಳ್ಳುತ್ತಿದ್ದರು. "ಇಲ್ಲಿಂದ ನಿಮ್ಮದ್ರಿ ಗೌಡ್ರ" ಅಂತ ಇವರು, "ಎಲ್ಲೈತಿ ತೋರ್ಸು, ಇದು ನಿನ್ನಿ ಮಳಿಗಿಂತ ಮೊದಲಿನ ಹೆಜ್ಜಿ" ಅಂತ ಅವರು. ಆ ಜಗಳದಲ್ಲಿ ಹೊತ್ತು ಏರಿದರೂ ಹೆಜ್ಜೆ ಮುಂದಕ್ಕೆ ಸಾಗುತ್ತಿತ್ತು, ಯಾಕೆಂದರೆ ನಿಲ್ಲಿಸಿಕೊಂಡವರಿಗೇ ನಷ್ಟ.

ಸಂಸ್ಥಾನದ ಗಡಿಯಲ್ಲಿ ಮಾತ್ರ ಅದು ನಿಂತುಬಿಡುತ್ತಿತ್ತು. ಸಾಂಗಲಿ ಹದ್ದಿಗೆ ಹೋದ ಹೆಜ್ಜೆಯ ಸಂಗತಿ ಗೌಡನಿಂದ ಫೌಜದಾರನಿಗೆ, ಅಲ್ಲಿಂದ ಧಾರವಾಡಕ್ಕೆ, ಧಾರವಾಡದಿಂದ ಕೊಲ್ಹಾಪುರದ ಪೊಲಿಟಿಕಲ್ ಏಜೆಂಟರಿಗೆ, ಅವರಿಂದ ಸಾಂಗಲಿ ದರ್ಬಾರಿಗೆ, ದರ್ಬಾರಿನಿಂದ ಮೋಡಿ ಅಕ್ಷರದ ಮರಾಠಿ ಕಾಗದವಾಗಿ ಶಿರಹಟ್ಟಿಗೆ ಇಳಿಯಬೇಕು. ಕೂಗಿದರೆ ಕೇಳುವ ಊರಿಗೆ ಕಾಗದ ಕೃಷ್ಣಾ ನದಿಯ ದಂಡೆ ಸುತ್ತಿ ಬರುತ್ತಿತ್ತು. ಆರೋಪಿಯನ್ನು ಒಪ್ಪಿಸುವುದಕ್ಕೆ 1903ರಲ್ಲಿ ಒಂದು ಕಾಯ್ದೆಯೂ ಆಯಿತು, ವಾರಂಟಿಗೆ ಪೊಲಿಟಿಕಲ್ ಏಜೆಂಟರ ಸಹಿ ಎಂಬ ಪದ್ಧತಿಯೂ ಇತ್ತು. ಎತ್ತಿನ ಜೋಡಿಯೊಂದಕ್ಕೆ ಅಷ್ಟು ಸಹಿ ಯಾರು ಮಾಡಿಸಿಯಾರು? ರೈತರು ನಂಬಿಕಸ್ಥನೊಬ್ಬನನ್ನು ಹಿಡಿದು, ಕಳ್ಳನಿಗೆ ಒಂದಿಷ್ಟು ಕೊಟ್ಟು ಎತ್ತು ಬಿಡಿಸಿಕೊಂಡು ಬರುತ್ತಿದ್ದರು. ಇಂಥ ರಾಜಿಗಳು ಇಂಗ್ಲಿಷರ ಲೆಕ್ಕಕ್ಕೂ ಬರಲಿಲ್ಲ, ಸಾಂಗಲಿಯವರ ಲೆಕ್ಕಕ್ಕೂ ಬರಲಿಲ್ಲ. ಎರಡೂ ಕಡೆಯ ವರ್ಷಾಂತ್ಯದ ವರದಿಯಲ್ಲಿ ಆ ಊರುಗಳು ತಣ್ಣಗೆ ಇದ್ದವು.

ಸರ್ಕಾರಕ್ಕೆ ಮನಸ್ಸಿದ್ದಾಗ ಗಡಿ ಅಡ್ಡ ಬರುತ್ತಿರಲಿಲ್ಲ ಎನ್ನುವುದಕ್ಕೆ 1858 ಇದೆ. ಆ ವರ್ಷದ ಬೇಸಿಗೆಯಲ್ಲಿ ನರಗುಂದದ ಬಾಬಾಸಾಹೇಬರೂ ಮುಂಡರಗಿಯ ಭೀಮರಾಯರೂ ಒಟ್ಟೊಟ್ಟಿಗೆ ತಿರುಗಿಬಿದ್ದರು. ಭೀಮರಾಯರು ಡಂಬಳದ ಖಜಾನೆಗೆ ಕೈಹಾಕಿ, ಹಮ್ಮಿಗಿಯ ದೇಸಾಯರ ಜೊತೆ ಮೂಡಲಿಗೆ ಹೋಗಿ ಕೊಪ್ಪಳದ ಕೋಟೆ ಹಿಡಿದರು. ಕೊಪ್ಪಳ ನಿಜಾಮನ ರಾಜ್ಯ. ಆದರೆ ಇಂಗ್ಲಿಷರ ಫೌಜು ಯಾವ ದರ್ಬಾರಿನ ಕಾಗದಕ್ಕೂ ಕಾಯಲಿಲ್ಲ, ಜೂನ್ 1ಕ್ಕೆ ಕೋಟೆ ಬಿತ್ತು, ಭೀಮರಾಯರು ಹೋರಾಡುತ್ತಲೇ ಮಡಿದರು. ಅಂದಿನ ಸರ್ಕಾರಿ ಕಾಗದದಲ್ಲಿ ಅದು ಲೂಟಿ, ಬಂಡಾಯ. ಇವತ್ತು ಮುಂಡರಗಿಯಲ್ಲಿ ಅವರ ಹೆಸರು ಹೇಳಿದರೆ ಕೂತವರು ಎದ್ದು ನಿಲ್ಲುತ್ತಾರೆ.

ಲಕ್ಷ್ಮೇಶ್ವರದ ಮಾತು ಇದಕ್ಕಿಂತ ಬಹಳ ಹಿಂದಕ್ಕೆ ಹೋಗುತ್ತದೆ. ಆಗ ಅದು ಪುಲಿಗೆರೆ. ಸುಮಾರು 725ರಲ್ಲಿ, ಬಾದಾಮಿ ಚಾಲುಕ್ಯರ ವಿಕ್ರಮಾದಿತ್ಯ ಇನ್ನೂ ಯುವರಾಜನಾಗಿದ್ದಾಗ, ಅಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆ ಹಾಕಿಕೊಟ್ಟು ಕಂಬದ ಮೇಲೆ ಕೆತ್ತಿಸಿದ. ಅರಸನ ಅಧಿಕಾರಿಗಳು ಊರಿಗೆ ಏನು ಮಾಡಬೇಕು, ಊರು ಅರಸನಿಗೆ ಏನು ಕೊಡಬೇಕು ಎಂಬ ಕರಾರು ಅದು. ಮನೆಗಳನ್ನು ನಾಲ್ಕು ದರ್ಜೆ ಮಾಡಿ 10, 7, 5, 3 ಪಣವೆಂದು ವೈಶಾಖದಲ್ಲಿ ಕೊಡುವ ತೆರಿಗೆ ಗೊತ್ತುಮಾಡಿದೆ. ನನ್ನಂಥವನಿಗೆ ರುಚಿಸುವುದು ಅದರ ಮುಂದಿನ ಭಾಗ. ಕಳವಿನ ದಂಡ, ಸಣ್ಣಪುಟ್ಟ ತಪ್ಪಿನ ದಂಡ, ದಶಾಪರಾಧದ ದಂಡ, ಇವು ಊರಿನ ಶ್ರೇಣಿಗೆ ಸಲ್ಲಬೇಕಂತೆ. ದಂಡದ ದುಡ್ಡು ಊರಲ್ಲೇ ಉಳಿಯುವುದಾದರೆ ಕಳವಿನ ಲೆಕ್ಕವನ್ನು ಊರಿನವರೇ ಕಣ್ಣಿಟ್ಟು ಇಡುತ್ತಾರೆ. ಸಾವಿರದ ಮುನ್ನೂರು ವರ್ಷದ ಕೆಳಗೆ ಅಷ್ಟು ವ್ಯವಹಾರಜ್ಞಾನ ಇದ್ದವರ ಊರಿನಲ್ಲೇ 2017ರ ಫೆಬ್ರುವರಿಯಲ್ಲಿ, ಯುವಕನೊಬ್ಬ ಪೊಲೀಸರ ವಶದಲ್ಲಿ ಸತ್ತನೆಂಬ ಸುದ್ದಿ ಹಬ್ಬಿ ಜನ ಠಾಣೆಗೆ ಬೆಂಕಿ ಹಚ್ಚಿದರು. ಅಪರಾಧದ ಪಟ್ಟಿಯಲ್ಲಿ ಅಂಥದ್ದು ದೊಂಬಿ ಎಂಬ ಕಾಲಮ್ಮಿಗೆ ಹೋಗಿ ಕೂರುತ್ತದೆ. ಠಾಣೆಗೂ ಓಣಿಗೂ ನಡುವೆ ಎಷ್ಟು ದಿನದಿಂದ ಮಾತು ಮುರಿದಿತ್ತು ಎಂಬುದಕ್ಕೆ ಯಾವ ಪಟ್ಟಿಯಲ್ಲೂ ಕಾಲಮ್ಮಿಲ್ಲ.

ಗದಗ-ಬೆಟಗೇರಿಯ ಕತೆ ರೈಲಿನಿಂದ ತಿರುವು ಪಡೆಯಿತು. 1884ರಲ್ಲಿ ಸದರ್ನ್ ಮರಾಠಾ ರೈಲು ಬಂದ ಮೇಲೆ ಹತ್ತಿ ಪೇಟೆ ಬೆಳೆಯಿತು, ಜಿನ್ನಿಂಗ್ ಕಾರಖಾನೆಗಳು ಬಂದವು, ಅಡತಿ ಅಂಗಡಿಗಳಲ್ಲಿ ರೊಕ್ಕ ಓಡಾಡಿತು. ಊರಿಗೆ ಗುರುತಿಲ್ಲದ ಮುಖಗಳು ಬಂದವು. ಹಳ್ಳಿಯ ವಾಲೀಕಾರ ಹೆಜ್ಜೆ ನೋಡಿ ಹೇಳಬಲ್ಲ, ಸ್ಟೇಷನ್ನಿನ ಫಲಾಟಿನ ಮೇಲೆ ಹೆಜ್ಜೆ ಎಲ್ಲಿ ಮೂಡಬೇಕು? ಸರ್ಕಾರ ಅದಕ್ಕೆ ಕಂಡುಕೊಂಡ ಉಪಾಯ ರಿಜಿಸ್ಟರು. ಕಳ್ಳ ಯಾರೆಂದು ಗೊತ್ತಾಗುವುದಕ್ಕಿಂತ ಮೊದಲೇ ಅವನ ಹೆಸರು ಬರೆದಿಡುವುದು.

1871ರಲ್ಲಿ ಬಡಗಣ ಹಿಂದುಸ್ತಾನಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ಹೊಸ ರೂಪದಲ್ಲಿ ಮುಂಬಯಿ ಇಲಾಖೆಗೂ ಬಂತು. ಗಂಟಿಚೋರ, ಕೊರಮ, ಹರಣಶಿಕಾರಿ, ಕಂಜರಭಾಟ, ಛಪ್ಪರಬಂದ ಇಂಥ ಸಮುದಾಯಗಳಲ್ಲಿ ಹುಟ್ಟಿದ್ದೇ ನೋಂದಣಿಗೆ ಸಾಕಾಯಿತು. ವಿಜಾಪುರದಲ್ಲಿ ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿ ಇವರನ್ನು ಒಂದೆಡೆ ಕೂಡಿಹಾಕಿ ದುಡಿಸುವ ವ್ಯವಸ್ಥೆ ಶುರುಮಾಡಿದ. ಸೊಲ್ಲಾಪುರ, ಹುಬ್ಬಳ್ಳಿ, ಗೋಕಾಕ ಫಾಲ್ಸ್, ಗದಗ, ಹೀಗೆ ಕೂಲಿಗಳ ಅಗತ್ಯವಿದ್ದ ಊರುಗಳಿಗೆ ಅದು ಹಬ್ಬಿತು. ತಂತಿ ಬೇಲಿ, ಹೊತ್ತುಗೊತ್ತಿಗೆ ಹಾಜರಿ, ಹೊರಗೆ ಹೋಗಲು ಪಾಸು, ಬೆರಳಚ್ಚು. ಬೆಟಗೇರಿಯ ಆ ಜಾಗಕ್ಕೆ ಇವತ್ತಿಗೂ ಜನ ಸೆಟ್ಲಮೆಂಟ್ ಅಂತಲೇ ಅನ್ನುತ್ತಾರೆ. ಆಟೋದವನಿಗೆ ಅಷ್ಟು ಹೇಳಿದರೆ ಸಾಕು.

ನಾನು ಚಿಕ್ಕವನಿದ್ದಾಗ ಅಲ್ಲಿಯ ಹಿರಿಯರೊಬ್ಬರು ಹಾಜರಿಯ ಸುದ್ದಿ ಹೇಳುತ್ತಿದ್ದರು. ಮದುವೆಗೆ ಬೀಗರ ಊರಿಗೆ ಹೋದವರು ಅಲ್ಲಿಯ ಪೊಲೀಸ್ ಪಾಟೀಲನಿಂದ ಪಾಸಿನ ಮೇಲೆ ಬಂದ ಹೊತ್ತು, ಹೊರಟ ಹೊತ್ತು ಬರೆಸಿಕೊಂಡು ಬರಬೇಕು. "ಅಕ್ಕಿಕಾಳ ಬೀಳೂದಕ್ಕಿಂತ ಮೊದ್ಲ ಗೌಡನ ಮನೀಗೆ ಓಡತಿದ್ವಿ ತಮ್ಮಾ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಗೌಡನ ಚಾವಡಿಯಲ್ಲಿ ಕೋಲು ಹಿಡಿದು ನಿಂತವನು ನನ್ನ ಅಜ್ಜನಂಥವನೇ ಅಲ್ಲವೆ.

ಅಂಕಿ ಹೇಗೆ ತಾನೇ ತಾನಾಗಿ ಬೆಳೆಯುತ್ತದೆ ಎಂಬುದನ್ನು ಇಲ್ಲಿ ನೋಡಬೇಕು. ಪೇಟೆಯಲ್ಲಿ ಕನ್ನಗಳವು ಆಯಿತು ಅನ್ನಿ. ಪೊಲೀಸರು ಮೊದಲು ಹೋಗುವುದು ಸೆಟ್ಲಮೆಂಟಿಗೆ, ಯಾಕೆಂದರೆ ರಿಜಿಸ್ಟರು ಅಲ್ಲಿದೆ. ಹುಡುಕಿದಲ್ಲಿ ಯಾರೋ ಸಿಗುತ್ತಾರೆ, ಸಿಕ್ಕವರು ಲೆಕ್ಕಕ್ಕೆ ಬರುತ್ತಾರೆ. ವರ್ಷದ ಕೊನೆಗೆ ಹಿಡಿದವರಲ್ಲಿ ಹೆಚ್ಚಿನವರು ನೋಂದಾಯಿತರೇ ಎಂದು ವರದಿ ಹೋಗುತ್ತದೆ. ಆ ವರದಿ ಓದಿದವರು ರಿಜಿಸ್ಟರು ಇನ್ನಷ್ಟು ಬಿಗಿ ಮಾಡಿ ಎನ್ನುತ್ತಾರೆ. ಅಡತಿ ಅಂಗಡಿಯ ಗುಮಾಸ್ತ ತೂಕದಲ್ಲಿ ಹೊಡೆದದ್ದಕ್ಕೆ ಇಂಥ ರಿಜಿಸ್ಟರು ಇರಲಿಲ್ಲ. ಮುಂಬಯಿ ಸರ್ಕಾರ 1949ರಲ್ಲಿ ಈ ಕಾಯ್ದೆ ತೆಗೆಯಿತು, ದೇಶದಾದ್ಯಂತ 1952ರ ಆಗಸ್ಟ್ 31ಕ್ಕೆ ಹೋಯಿತು. ಆ ಜನ ವಿಮುಕ್ತರೆನಿಸಿದರು. ಹಿಂದೆಯೇ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಠಾಣೆಗಳಲ್ಲಿ ಹಳೆಯ ಅಭ್ಯಾಸ ಎಷ್ಟು ಕಾಲ ಉಳಿಯಿತು ಎಂಬುದನ್ನು ಸೆಟ್ಲಮೆಂಟಿನ ಹುಡುಗರು ನನಗಿಂತ ಚೆನ್ನಾಗಿ ಹೇಳುತ್ತಾರೆ.

1948ರ ಮಾರ್ಚ್ 8ಕ್ಕೆ ದಖನ್ನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಲಕ್ಷ್ಮೇಶ್ವರ ಶಿರಹಟ್ಟಿ ತಾಲೂಕಿಗೆ, ಶಿರಹಟ್ಟಿ ಧಾರವಾಡ ಜಿಲ್ಲೆಗೆ ಸೇರಿತು. ಅಜ್ಜನ ಕಣ್ಣಲ್ಲಿ ಅದು ಸ್ವಾತಂತ್ರ್ಯಕ್ಕಿಂತ ದೊಡ್ಡ ಸುದ್ದಿ, ಹೆಜ್ಜೆ ಇನ್ನು ಗಡಿಕಲ್ಲಿಗೆ ನಿಲ್ಲಬೇಕಾಗಿಲ್ಲ. ಆದರೆ ಹೆಜ್ಜೆ ಹಿಡಿಯುವವರೇ ಮುಂದೆ ಉಳಿಯಲಿಲ್ಲ. 1956ರಲ್ಲಿ ಮೈಸೂರು ರಾಜ್ಯ, 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯ್ದೆ, ಅದು ಜಾರಿಗೆ ಬಂದದ್ದು 1963ರಲ್ಲಿ. ಗೌಡಕಿ, ಕುಲಕರ್ಣಿಕಿ, ವಾಲೀಕಾರಿಕೆ ಎಲ್ಲ ಒಂದೇ ಏಟಿಗೆ ಹೋದವು. ಹೋಗಲೇಬೇಕಿತ್ತು. ಗೌಡರ ಚಾವಡಿಯಲ್ಲಿ ಕೆಳಗಿನ ಓಣಿಯವರ ಫಿರ್ಯಾದು ಎಷ್ಟು ಕೇಳಿಸಿಕೊಂಡಾರು ಎಂಬುದನ್ನು ನಾನು ಮನೆಯಲ್ಲೇ ಕೇಳಿ ಬೆಳೆದವನು. ಅದರ ಜಾಗಕ್ಕೆ 1964ರ ಕಾಯ್ದೆಯ ಗ್ರಾಮ ರಕ್ಷಣಾ ದಳ ಬಂತು, ಶಿಳ್ಳೆ, ಲಾಠಿಯ ಜೊತೆಗೆ. ನಾನು ನೋಡಿದ ಮಟ್ಟಿಗೆ ಅದು ಜಾತ್ರೆಯ ಬಂದೋಬಸ್ತಿಗೆ ಒದಗಿದಷ್ಟು ರಾತ್ರಿಯ ರೋಂದಿಗೆ ಒದಗಲಿಲ್ಲ.

ಠಾಣೆಯ ಲೆಕ್ಕದ ಒಳಗುಟ್ಟು ಸ್ವಲ್ಪ ಹೇಳುತ್ತೇನೆ. ಹಳೆಯ ಮುಂಬಯಿ ಪದ್ಧತಿಯಲ್ಲಿ ಎ, ಬಿ, ಸಿ ಎಂದು ಮೂರು ಸಮರಿ. ಖರೇ ಕೇಸು ಆದರೆ ಪತ್ತೆಯಾಗಲಿಲ್ಲ ಅಂದರೆ ಎ, ಬೇಕಂತಲೇ ಸುಳ್ಳು ಕೊಟ್ಟದ್ದಾದರೆ ಬಿ, ಖರೆಯೂ ಅಲ್ಲ ಸುಳ್ಳೂ ಅಲ್ಲ ಅಂದರೆ ಸಿ. ನಮ್ಮ ಕಾಲಕ್ಕೆ ಬಿ ರಿಪೋರ್ಟು, ಸಿ ರಿಪೋರ್ಟು ಎರಡೇ, ಪತ್ತೆಯಾಗದ್ದಕ್ಕೆ ಸಿ. ಫೌಜದಾರರಿಗೆ ಸಿ ರಿಪೋರ್ಟ್ ಅಂದರೆ ಮುಳ್ಳು. ಆದ್ದರಿಂದ ಪತ್ತೆಯಾಗಲಾರದ ಕಳವನ್ನು ಬರೆಯುವಾಗ ಪೆನ್ನು ತಡೆಯುತ್ತಿತ್ತು. "ಇನ್ನೊಮ್ಮೆ ಮನ್ಯಾಗ ಹುಡುಕ್ರಿ, ಎಲ್ಲೋ ಇಟ್ಟಿರಬೇಕು" ಎಂದು ಹೇಳಿ ಕಳಿಸಿದ ಫಿರ್ಯಾದುದಾರರು ಎಷ್ಟೋ. 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂಜ್ಞೇಯ ಅಪರಾಧವಾದರೆ ಎಫ್‌ಐಆರ್ ಬರೆಯಲೇಬೇಕು ಎಂದಿತು. ಕೋರ್ಟಿನ ಮಾತು ಕೇಳುವ ಠಾಣೆಯಲ್ಲಿ ಕಳವು ಹೆಚ್ಚಾದಂತೆ ಕಂಡದ್ದು ಸಹಜ.

ಇದಕ್ಕೆ ತದ್ವಿರುದ್ಧ ಬಗೆಯ ಅಂಕಿ ಒಂದಿದೆ. ಗದಗ ಜಿಲ್ಲೆಯಲ್ಲಿ ಯಾವ ಠಾಣೆಯ ಪುಸ್ತಕ ತೆಗೆದರೂ ಕೆ.ಪಿ. ಆಕ್ಟ್, ಅಂದರೆ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3) ಕಾಣುತ್ತದೆ, ಅದು ಓಸಿ ಮಟಕಾ. ಕಲಂ 87, ಅದು ಅಂದರ್-ಬಾಹರ್. ಇವಕ್ಕೆ ಫಿರ್ಯಾದುದಾರ ಎಂದರೆ ಸರ್ಕಾರವೇ. ರೇಡು ಮಾಡಿದರೆ ಕೇಸು, ಮಾಡದಿದ್ದರೆ ಇಲ್ಲ. ತಿಂಗಳ ಕೊನೆಗೆ ಮೇಲಿನಿಂದ ಫೋನು ಬಂದ ವಾರ ಒಂದು ಠಾಣೆಯಲ್ಲಿ ನಾನು ಚೀಟಿ, ಬಾಲ್‌ಪೆನ್ನು, ನಗದು ಎಂದು ಮುದ್ದೇಮಾಲಿನ ಪಟ್ಟಿ ಬರೆದೂ ಬರೆದೂ ಬೆರಳು ನೋವು ಮಾಡಿಕೊಂಡಿದ್ದೆ. ಓಸಿ ಆಡುವವರು ಆ ವಾರ ಹೆಚ್ಚಾಗಿರಲಿಲ್ಲ, ನಾವು ಹೆಚ್ಚಾಗಿದ್ದೆವು.

ದೊಡ್ಡ ಊರಿನ ಅಳತೆಗೋಲನ್ನು ಸಣ್ಣ ಊರಿಗೆ ಹಿಡಿದರೂ ಹೀಗೇ. ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲಕ್ಷ ಜನಸಂಖ್ಯೆಗೆ ಇಷ್ಟು ಎಂದು ಲೆಕ್ಕ ಕೊಡುತ್ತದೆ. 2022ರಲ್ಲಿ ದೇಶದ ಕೊಲೆಗಳು 28,522, ಅಂದರೆ ಲಕ್ಷಕ್ಕೆ 2.1. ಶಿರಹಟ್ಟಿ ಪಟ್ಟಣದ ಜನ 2011ರ ಗಣತಿಯಲ್ಲಿ ಇಪ್ಪತ್ತು ಸಾವಿರದೊಳಗೆ. ಬದುವಿನ ಜಗಳಕ್ಕೆ ಅಲ್ಲಿ ವರ್ಷದಲ್ಲಿ ಒಂದೇ ಒಂದು ಕೊಲೆಯಾಯಿತು ಅನ್ನಿ, ದರ ಲಕ್ಷಕ್ಕೆ ಐದು ದಾಟುತ್ತದೆ. ಫಕೀರೇಶ್ವರ ಮಠದ ಊರು ಆ ವರ್ಷ ದೇಶಕ್ಕಿಂತ ಎರಡು ಪಟ್ಟು ಕೆಟ್ಟದ್ದು, ಮರುವರ್ಷ ಸೊನ್ನೆ. ಇನ್ನೊಂದು ನಿಯಮ: ಒಂದು ಎಫ್‌ಐಆರ್‌ನಲ್ಲಿ ಎಷ್ಟೇ ಅಪರಾಧಗಳಿರಲಿ, ಬ್ಯೂರೋ ಲೆಕ್ಕಕ್ಕೆ ಹಿಡಿಯುವುದು ಎಲ್ಲಕ್ಕಿಂತ ಘೋರವಾದ ಒಂದನ್ನೇ. ಮನೆಗೆ ನುಗ್ಗಿ ಕದ್ದು ಕೊಂದರೆ ಕೊಲೆಯೊಂದೇ ಉಳಿಯುತ್ತದೆ, ನುಗ್ಗಿದ್ದೂ ಕದ್ದದ್ದೂ ಅದರೊಳಗೆ ಕರಗಿಹೋಗುತ್ತವೆ.

ನನ್ನ ಕೇಳಿದರೆ ಗದಗ ಪೇಟೆಯ ನಿಜವಾದ ಅಂಕಿ ಪಾಯಿಂಟ್ ಬುಕ್ಕಿನಲ್ಲಿತ್ತು. ಸರಾಫರ ಅಂಗಡಿಯ ಶಟರಿನ ಮಗ್ಗಲಿಗೆ, ಟಾಂಗಾ ಕೂಟದ ಕಂಬಕ್ಕೆ, ವೀರನಾರಾಯಣ ಗುಡಿಯ ಓಣಿಯ ಮೂಲೆಗೆ ತಂತಿಯಿಂದ ಕಟ್ಟಿದ ಉದ್ದನೆಯ ಪುಸ್ತಕ. ರಟ್ಟು ಮಳೆಗೆ ಉಬ್ಬಿ, ಅಂಚು ಇಲಿ ತಿಂದು, ಒಳಗೆ ಕಂದೀಲಿನ ಎಣ್ಣೆಯದೋ ಮಿರ್ಚಿ ಭಜಿಯದೋ ಜಿಡ್ಡು. ರಾತ್ರಿ ಬೀಟಿನವನು ಬಂದು ಹೊತ್ತು ಬರೆದು ಸಹಿ ಮಾಡಬೇಕು. ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ 12, 2, 4 ಎಂದಿದ್ದರೆ ಸಂಜೆಯೇ ಮೂರೂ ಸಹಿ ಮುಗಿದಿದೆ ಅಂತ ಅರ್ಥ. ಸಹಿ ಅಡ್ಡಾದಿಡ್ಡಿ ಇದ್ದು, ಪಕ್ಕದಲ್ಲಿ "ನಾಯಿ ಬಾಳ ಒದರ್ತಿದ್ವು, ಹಿಂದಿನ ಓಣಿ ನೋಡಿದೆ" ಎಂದು ಬರೆದಿದ್ದರೆ ಅಂವ ಖರೇನೇ ನಡೆದಿದ್ದಾನೆ. ಈಗ ಗೋಡೆಗೆ ಚಿಪ್ಪು ಅಂಟಿಸಿ ಮೊಬೈಲ್ ಹಿಡಿಯುವ ಇ-ಬೀಟ್ ಬಂದಿದೆ, ಸುಳ್ಳು ಹೊತ್ತು ಬರೆಯಲಾಗದು, ಒಳ್ಳೆಯದೇ ಆಯಿತು. ನಾಯಿ ಒದರಿದ್ದನ್ನು ಬರೆಯಲು ಮಾತ್ರ ಅದರಲ್ಲಿ ಜಾಗವಿಲ್ಲ. 2025ರ ಜುಲೈಯಿಂದ ಮನೆ ಮನೆಗೆ ಪೊಲೀಸ್ ಎಂಬ ಯೋಜನೆಯೂ ಶುರುವಾಗಿದೆ, ಬೀಟಿನವರು ಬಾಗಿಲು ಬಡಿದು ಮಾತಾಡಿಸಬೇಕಂತೆ. ಬೆಟಗೇರಿಯ ನೇಕಾರರ ಓಣಿಗೂ ಸೆಟ್ಲಮೆಂಟಿಗೂ ಒಂದೇ ದನಿಯಲ್ಲಿ ಮಾತಾಡಿಸಿಕೊಂಡು ಬಂದರೆ ಅರ್ಧ ಕೆಲಸ ಆದಂತೆ.

ಹದ್ದಿಯ ಜಗ್ಗಾಟಕ್ಕೂ ಈಗ ಮದ್ದು ಬಂದಿದೆ. ಮುಂಡರಗಿಯಿಂದ ಗದಗಿಗೆ ಬರುವ ಬಸ್ಸಿನಲ್ಲಿ ಹೆಂಗಸೊಬ್ಬಳ ವ್ಯಾನಿಟಿ ಬ್ಯಾಗಿನಿಂದ ಬೋರಮಾಳ ಸರ ಹೋಯಿತು ಅನ್ನಿ. ಡಂಬಳ ಬಿಟ್ಟಾಗ ಇತ್ತು, ಗದಗಿನಲ್ಲಿ ಇಳಿದು ನೋಡಿದರೆ ಇಲ್ಲ. ಮುಂಡರಗಿ, ಗದಗ ಗ್ರಾಮೀಣ, ಗದಗ ಶಹರ ಎಂದು ಮೂರು ಠಾಣೆಯ ಹದ್ದಿ ಆ ದಾರಿಯಲ್ಲಿ ಬರುತ್ತದೆ. ಪ್ರಯಾಣದಲ್ಲಿ ಆದ ಅಪರಾಧವನ್ನು ದಾರಿಯ ಯಾವ ಹದ್ದಿಯಲ್ಲಿಯೂ ವಿಚಾರಿಸಬಹುದು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 183ನೇ ಕಲಂ ಮೊದಲಿನಿಂದಲೂ ಹೇಳುತ್ತಿತ್ತು. ಹಾಗಿದ್ದೂ "ಅಲ್ಲಿಗೆ ಹೋಗ್ರಿ, ಇಲ್ಲಿಗೆ ಬರಂಗಿಲ್ಲ" ಎಂಬ ಮಾತು ಈ ರಾಜ್ಯದ ಯಾವ ಬಸ್ ನಿಲ್ದಾಣದಲ್ಲಿ ಕೇಳಿಲ್ಲ ಹೇಳಿ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಯಾರ ಹದ್ದಿಯಲ್ಲೇ ಆಗಿರಲಿ, ಬಂದವರ ಫಿರ್ಯಾದು ಬರೆದುಕೊಳ್ಳಲೇಬೇಕು. ಝೀರೋ ನಂಬರು ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು, ಅಲ್ಲಿ ಅದಕ್ಕೆ ಖಾಯಂ ನಂಬರು ಬೀಳುತ್ತದೆ. ಹೀಗೆ ಗದಗಿನಿಂದ ಮುಂಡರಗಿಗೆ ಕಳಿಸಿದ ಕೇಸು ಮುಂಡರಗಿಯ ವರ್ಷದ ಪಟ್ಟಿಗೆ ಒಂದು ಕಳವು ಸೇರಿಸುತ್ತದೆ, ಸರ ಕಾಣದೆ ಗಾಬರಿಯಾದದ್ದು ಗದಗ ಬಸ್ ನಿಲ್ದಾಣದಲ್ಲೇ ಆದರೂ. ಅದನ್ನು ಸಿ ರಿಪೋರ್ಟ್ ಮಾಡದೆ ಉಳಿಸಿಕೊಳ್ಳುವ ಚಿಂತೆ ಇನ್ನು ಅಲ್ಲಿಯ ರೈಟರನದು.